ಅಪ್ಪನ ಅರ್ಧ ಭಾರ

ಪುನರ್ವಸತಿ ಕೇಂದ್ರದಲ್ಲಿ ವ್ಯಾಯಾಮಕ್ಕೆ ಮುಂಚೆ ರೋಗಿಯ ತೂಕವನ್ನು ಮನೆಯವರಿಗೆ ವರ್ಗಾಯಿಸುತ್ತಾರೆ. ಸೊಂಟದ ಮೂಳೆ ಮುರಿದುಕೊಂಡಿದ್ದ ಚೆನ್ನವೀರಪ್ಪನವರ ಅರ್ಧ ತೂಕವನ್ನು ಮಗಳು ನೀಲಾಂಬಿಕೆ ಹೊರುತ್ತಿದ್ದಳು. ನರ್ಸ್ ಇಬ್ಬರ ಮಣಿಕಟ್ಟಿಗೂ ಪಟ್ಟಿ ಕಟ್ಟಿದ ಕೂಡಲೇ ಅವಳು ಬೆಂಚಿನ ಮೇಲೆ ಕುಸಿಯುತ್ತಿದ್ದಳು. ಅಪ್ಪ ಹಗುರಾಗಿ ಎದ್ದು, ಕಂಬಿ ಹಿಡಿದು ನಡೆಯುತ್ತಿದ್ದರು.

ಆ ದಿನ ಅಪ್ಪ ಕಂಬಿ ಬಿಟ್ಟು ಬಾಗಿಲ ಕಡೆ ಹೊರಟರು.

"ಅಪ್ಪಾ, ಎಲ್ಲಿಗೆ?"

"ಇಲ್ಲೇ, ನಿಮ್ಮವ್ವನ್ನ ನೋಡಿ ಬರ್ತೇನಿ."

ಪಾರ್ಶ್ವವಾಯು ಬಡಿದ ಅವ್ವ ಅದೇ ಕಟ್ಟಡದ ಆ ತುದಿಯ ಕೋಣೆಯಲ್ಲಿದ್ದಳು. ನೀಲಾಂಬಿಕೆ ಏಳಲು ನೋಡಿದಳು, ಮೊಣಕಾಲು ಮಾತು ಕೇಳಲಿಲ್ಲ. ಬಾಗಿಲು ನೋಡಿದಳು, ನರ್ಸನ್ನು ಕೂಗಿದಳು, ಮತ್ತೆ ಬಾಗಿಲು ನೋಡಿದಳು. ದೂರದಲ್ಲಿ ಏನೋ ಬಿದ್ದ ಸದ್ದಾಯಿತು. ಗೋಡೆ ಹಿಡಿದು ಕಾಲೆಳೆಯುತ್ತ ಹೊರಟಳು.

ಕೋಣೆಯಲ್ಲಿ ನೀರಿನ ಲೋಟ ಉರುಳಿತ್ತು. ಅಪ್ಪ ಅವ್ವನ ತಲೆ ಬಾಚುತ್ತ ನಿಂತಿದ್ದರು. ಏದುಸಿರು ಕೇಳಿ ತಿರುಗಿದರು. ಮಗಳು ಬೆಂಚಿನ ಮೇಲೆ ಕೂತದ್ದನ್ನಷ್ಟೇ ನೋಡಿದ್ದವರು, ಅವಳು ಹೀಗೆ ನಡೆಯುವುದನ್ನು ಕಂಡಿರಲಿಲ್ಲ.

"ನಿನಗ ಇಷ್ಟ ಭಾರ ಆಗತೈತೇನವಾ?"

"ಇಲ್ಲಪ್ಪಾ, ರೂಢಿ ಆಗೇತಿ."

ಅಪ್ಪ ಬಾಚಣಿಗೆ ಇಟ್ಟು ತಮ್ಮ ಮಣಿಕಟ್ಟಿನ ಪಟ್ಟಿ ಬಿಚ್ಚಿದರು. ತೂಕ ಮರಳಿದ ರಭಸಕ್ಕೆ ಕಾಲುಗಳು ನಡುಗಿದವು. ಮಂಚದ ಸರಳು ಹಿಡಿದರು. ನೀಲಾಂಬಿಕೆ ಮುಂದೆ ನುಗ್ಗಿದಳು.

"ಮುಟ್ಟಬ್ಯಾಡ," ಅಂದರು ಅಪ್ಪ. ಅವ್ವ ಸರಿಯಿದ್ದ ಕೈಯಿಂದ ಮಗಳ ಸೆರಗು ಹಿಡಿದಳು.

ಅಪ್ಪ ಸರಳು ಬಿಟ್ಟು ಒಂದು ಹೆಜ್ಜೆ ಇಟ್ಟರು. ನೀಲಾಂಬಿಕೆಯ ಕೈಗಳು ತಾವಾಗಿಯೇ ಮುಂದೆ ಚಾಚುತ್ತಿದ್ದವು. ಅವನ್ನು ಬೆನ್ನ ಹಿಂದೆ ಹೆಣೆದುಕೊಂಡು ನಿಂತಳು.