ಒಂದೇ ಗುಡ್ಡ

"ನೋಡಿ ಮಾವ, ಒಂದೇ ಗುಡ್ಡ," ಎಂದ ಅಳಿಯ, ಪರದೆಯ ಮೇಲೆ ಬೆರಳಿಟ್ಟು. ಮಾವನ ಕೆಮ್ಮಿನ ಔಷಧಿ ಕಾರ್ಖಾನೆಯ ಪರೀಕ್ಷಾ ಕೋಣೆಗೆ ಈಗ ಅವನೇ ಮುಖ್ಯಸ್ಥ. ಹೆಣ್ಣು ಕೊಟ್ಟ ಮೇಲೆ ಕುರ್ಚಿ ಕೊಡದಿದ್ದರೆ ಹೇಗೆ?

ಔಷಧಿಯನ್ನು ಪುಡಿ ತುಂಬಿದ ಉಕ್ಕಿನ ಕೊಳವೆಯೊಳಗೆ ಹರಿಸಿದರೆ, ಅದರಲ್ಲಿರುವ ಒಂದೊಂದು ಪದಾರ್ಥವೂ ತನ್ನ ಸರದಿಗೆ ಹೊರಬಿದ್ದು ಪರದೆಯ ಮೇಲೆ ಗುಡ್ಡವಾಗಿ ಏಳುತ್ತದೆ. ನಿನ್ನೆ ಇದೇ ಸರಕಿನಲ್ಲಿ ಮದ್ದಿನ ದೊಡ್ಡ ಗುಡ್ಡದ ಬೆನ್ನಿಗೇ ಇನ್ನೊಂದು ಎದ್ದಿತ್ತು. ಅದು ಕಲ್ಮಶ, ಮೂತ್ರಪಿಂಡಕ್ಕೆ ಆಗದ್ದು. ಸರಕು ಗೇಟು ದಾಟುವ ಹಾಗಿರಲಿಲ್ಲ. ಪರೀಕ್ಷೆ ಬಹಳ ನಿಧಾನ ಎಂದು ಅಳಿಯ ಇವತ್ತು ಉದ್ದ ಕೊಳವೆ ತೆಗೆಸಿ ಗಿಡ್ಡದ್ದು ಹಾಕಿಸಿದ, ಹರಿವು ಜೋರು ಮಾಡಿಸಿದ.

"ಆ ಮರಿ ಗುಡ್ಡ ಎಲ್ಲಿ ಹೋಯ್ತಪ್ಪ?" ಎಂದರು ಯಜಮಾನರು.

"ಸ್ಪೀಡಿಗೆ ಮಾಯ, ಮಾವ."

ಪರೀಕ್ಷೆ ಮಾಡುವ ಹೆಂಗಸು ಕೈಗವಸು ಕಳಚುತ್ತಾ ಹೇಳಿದಳು, "ಮಾಯ ಆಗಿಲ್ಲ ಸರ್. ಸಾಲಾಗಿ ಬರ್ತಿದ್ದದ್ದನ್ನ ಒಟ್ಟಿಗೆ ನೂಕಿದ್ದೀವಿ. ದೊಡ್ಡದರ ಹೊಟ್ಟೆಯೊಳಗೇ ಕೂತಿದೆ. ಹಳೇ ಕೊಳವೇಲಿ ಇನ್ನೊಂದ್ಸಲ ಬಿಟ್ಟು ನೋಡೋಣ."

"ಕಣ್ಣಿಗೆ ಕಾಣದ್ದನ್ನ ಇದೆ ಅಂತೀರಲ್ಲ ಮೇಡಂ, ನೀವು ಪರೀಕ್ಷೆ ಮಾಡ್ತೀರೋ, ಕಣಿ ಹೇಳ್ತೀರೋ?"

ಮಾವ ನಕ್ಕರು. ನಗು ಕೆಮ್ಮಿಗೆ ತಿರುಗಿತು. ಕೆಮ್ಮು ನಿಲ್ಲುವ ಲಕ್ಷಣ ಕಾಣಲಿಲ್ಲ.

ಆಕೆ ಪರೀಕ್ಷೆಗೆ ಬಂದಿದ್ದ ಬಾಟಲಿಯ ಮುಚ್ಚಳ ತಿರುವಿ ಮುಂದೆ ಹಿಡಿದಳು. "ತಗೊಳ್ಳಿ ಸರ್. ಈಗ ತಾನೇ ಪಾಸಾದದ್ದು."

ಅಳಿಯನ ಕೈ ನಡುವೆ ಬಂತು. "ಅದು ಬೇಡ ಮಾವ, ಅದು... ಕಪಾಟಿನಲ್ಲಿ ಹಳೇ ಸರಕಿನದಿದೆ, ತಾಳಿ."

ಯಜಮಾನರು ಅಳಿಯನ ಮುಖ ನೋಡಿದರು, ಆಮೇಲೆ ಪರದೆ ನೋಡಿದರು. ವ್ಯಾಪಾರದಲ್ಲೇ ತಲೆ ನರೆತ ಮನುಷ್ಯ, ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಹಳೇ ಬಾಟಲಿಯಿಂದ ಒಂದು ಗುಟುಕು ಕುಡಿದು ಮೀಸೆ ಒರೆಸಿಕೊಂಡರು.

"ಹಳೇದು ಎಷ್ಟಿದೆಯೋ ಅಷ್ಟೂ ನಮ್ಮನೆಗೆ ಕಳಿಸಿ, ಮೊಮ್ಮಕ್ಕಳಿಗೂ ಬೇಕಾಗುತ್ತೆ. ಹೊಸದನ್ನ ಲಾರಿಗೆ ಹಾಕಿ."

ಇಷ್ಟು ಬೇಗ, ಇಷ್ಟು ಚೊಕ್ಕವಾಗಿ ಬೇರ್ಪಡಿಸಿದ್ದನ್ನು ಆಕೆ ಯಾವ ಯಂತ್ರದಲ್ಲೂ ಕಂಡಿರಲಿಲ್ಲ.