ಇಲ್ಲದ ಹೆಸರುಗಳು

ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಲು ಎಂಟರ್ ಒತ್ತಲಿದ್ದ ಯೋಸ್ಟ್‌ನ ಕೈಯನ್ನು ಫೆನ್ನಾ ಗಪ್ಪನೆ ಹಿಡಿದಳು. ಪರದೆಯ ತುಂಬ ಹಸಿರು, ಅಂದರೆ ಎಲ್ಲ ಪರೀಕ್ಷೆಯೂ ಪಾಸು. ತಾಣದ ಹೆಸರು ಕೇಳಿದರೆ ವಿಳಾಸ ಹೇಳುವುದು ಅವರ ಸರ್ವರ್‌ನ ಕೆಲಸ. ಮೋಸದ ತಾಣವಾದರೆ "ಅಂಥ ಹೆಸರೇ ಇಲ್ಲ" ಎನ್ನಬೇಕೆಂಬುದು ಅದರಲ್ಲಿ ಹೊಸದಾಗಿ ಸೇರಿಸಿದ ಫಿಲ್ಟರಿನ ನಿಯಮ. ಪ್ರತಿ ಪರೀಕ್ಷೆಯಲ್ಲೂ ಹಾಗೆಯೇ ಅಂದಿತ್ತು. ಆಮ್‌ಸ್ಟರ್‌ಡ್ಯಾಮಿನ ಆ ಕಚೇರಿಯಲ್ಲಿ ಬಿಡುಗಡೆಯ ದಿನದ ಸೇಬಿನ ಕೇಕ್ ಆಗಲೇ ಮೇಜಿಗೆ ಬಂದಿತ್ತು.

"ಇನ್ನೇನೇ ನಿಂದು? ಈ ಫಿಲ್ಟರ್ ಬೇಕು ಅಂದಿರೋ ಆಸ್ಪತ್ರೆಯವ್ರು ಇದಕ್ಕೋಸ್ಕರ ಬೆಳಗ್ಗೆಯಿಂದ ನನ್ನ ತಲೆ ತಿಂತಿದಾರೆ."

"ಫಿಲ್ಟರ್ ತೆಗೆದು ಒಂದ್ಸಲ ಓಡಿಸು."

"ತೆಗೆದ್ರೆ ಎಲ್ಲಾ ಕೆಂಪಾಗತ್ತೆ ಅಷ್ಟೆ."

"ಕೆಂಪಾದ್ರೆ ನನ್ನ ಪಾಲಿನ ಕೇಕೂ ನೀನೇ ತಿನ್ನು."

ಯೋಸ್ಟ್ ಗೊಣಗುತ್ತ ಫಿಲ್ಟರ್ ತೆಗೆದು ಓಡಿಸಿದ. ಸಾಲುಗಳು ಒಂದೊಂದಾಗಿ ಮೂಡಿದವು. ಹಸಿರು, ಮತ್ತೆ ಹಸಿರು, ಕೊನೆಯವರೆಗೂ ಹಸಿರು. ತುಟಿಯವರೆಗೆ ಹೋಗಿದ್ದ ಅವನ ಕಾಫಿ ಲೋಟ ಅಲ್ಲೇ ನಿಂತಿತು.

"ಪರೀಕ್ಷೆಗೆ ಯಾವ ಹೆಸರು ಹಾಕಿದ್ದೆ?" ಫೆನ್ನಾ ಕೇಳಿದಳು.

"ಯಾರಿಗೂ ತೊಂದ್ರೆ ಆಗ್ಬಾರ್ದು ಅಂತ ಎಲ್ಲಾ ನಾನೇ ಹುಟ್ಟಿಸಿದ್ದು. ಲೋಕದಲ್ಲೇ ಇಲ್ಲ ಅವು." ಹೇಳುತ್ತಲೇ ಅವನ ಮುಖ ಬಿಳಿಚಿಕೊಂಡಿತು. ಇಲ್ಲದ ಹೆಸರನ್ನು ಯಾವ ಸರ್ವರ್ ತಾನೆ ಇದೆ ಎನ್ನುತ್ತದೆ?

ಫೆನ್ನಾ ಫಿಲ್ಟರನ್ನು ಮತ್ತೆ ಹಾಕಿ, ತಮ್ಮದೇ ಕಚೇರಿಯ ತಾಣವನ್ನು ಮೋಸದ ಪಟ್ಟಿಗೆ ಸೇರಿಸಿ, ಸರ್ವರನ್ನು ಅದರ ವಿಳಾಸ ಕೇಳಿದಳು.

ಸರ್ವರ್ ಒಂದಿಷ್ಟೂ ಅನುಮಾನಿಸದೆ ವಿಳಾಸ ಕೊಟ್ಟಿತು.