ಮುಟ್ಟದೆ ತಂದ ನೀರು

"ನೂರ ಹನ್ನೆರಡು, ನೂರ ಹದಿಮೂರು..." ಸುಚಿತ್ರಾ ಗಾಜಿನ ತಟ್ಟೆಯೊಳಗಿನ ಕೆಂಪು ಚುಕ್ಕೆಗಳನ್ನು ಪೆನ್ನಿನ ತುದಿಯಲ್ಲಿ ಎಣಿಸುತ್ತಲೇ ಇದ್ದಳು. ಸಾಗರದ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಅವಳೆದುರು ನಿಂತಿದ್ದ ಲಿಖಿತನಿಗೆ ಮೈಯೆಲ್ಲ ಉರಿಯುತ್ತಿತ್ತು. ತೀರಿಹೋದ ಅಜ್ಜಿ ಕೆರಿಯಮ್ಮನನ್ನೇ ಯಾರೋ ಕೊಳಕಿ ಅಂದ ಹಾಗಾಗಿತ್ತು. ಅವನು ಬಾಟಲಿಯಲ್ಲಿ ತಂದಿದ್ದು ತಮ್ಮೂರು ನಗರದ ಕೋಟೆ ಹಿಂದಿನ ಒರತೆಯ ನೀರು; ಅದನ್ನೇ ಅವಳು ಎಂಬತ್ತು ವರ್ಷ ಕುಡಿದವಳು. ಈಗ ಅದು ಪಾಸಾಗದಿದ್ದರೆ ಪಂಚಾಯಿತಿಯವರು ಸ್ಲ್ಯಾಬ್ ಎಳೆದು ಮುಚ್ಚಿಬಿಡುತ್ತಾರಂತೆ.

"ಒಂದು ಚುಕ್ಕೆ ಅಂದ್ರೆ ನೀರಲ್ಲಿದ್ದ ಒಂದು ಜೀವ ಬೆಳೆದು ಸಂಸಾರ ಆಗಿದ್ದು. ಕುಡಿಯೋ ನೀರಲ್ಲಿ ಈ ಜಾತೀದು ಒಂದೂ ಇರ್ಬಾರ್ದು," ಎಂದಳು ಸುಚಿತ್ರಾ.

"ನಮ್ಮಜ್ಜಿಗೆ ಎಂತದೂ ಆಗ್ಲಿಲ್ಲ ಮೇಡಂ. ನೀವೇ ತಟ್ಟೆ ಸರಿ ತೊಳ್ದಿಲ್ಲ ಅಂತ ಕಾಣ್ತದೆ."

ಅವಳು ನಕ್ಕಳು. "ಬೈಯೋದು ಆಮೇಲೆ ಬೈಯಿ ಮಾರಾಯ. ಬಾಟ್ಲಿ ಹೆಂಗೆ ತುಂಬ್ದೆ, ಮಾಡಿ ತೋರ್ಸು."

ಲಿಖಿತ್ ಬಗ್ಗಿದ. ಇಲ್ಲದ ನೀರಿಗೆ ಬಲಗೈ ಅದ್ದಿ, ಕಣ್ಣಿಗೊತ್ತಿಕೊಂಡು, ಮತ್ತೆ ಅದ್ದಿ ಅತ್ತಿತ್ತ ಆಡಿಸಿ, ಅಲ್ಲೇ ಬಾಟಲಿ ಮುಳುಗಿಸಿದ.

"ಕೈ ಯಾಕೆ ಹಾಕ್ದೆ?"

"ಮತ್ತೆ? ಮಾತಾಡಿಸ್ದೆ ನೀರು ತೆಗೀತಾರಾ?"

ಹೇಳುತ್ತಿದ್ದಂತೆ ಅಜ್ಜಿಯ ಒರಟು ಅಂಗೈ ಬಂದು ಕೈಮೇಲೆ ಕೂತಂತಾಯಿತು. ದಿನಾ ಬೆಳಗ್ಗೆ ಅವನ ಪುಟ್ಟ ಕೈ ಹಿಡಿದು ತಣ್ಣನೆ ನೀರಿಗಿಳಿಸಿ, "ಬಂದೆ ಕಣೇ ತಾಯಿ, ಮೊಮ್ಮಗನ್ನೂ ಕರ್ಕಂಡು ಬಂದೀನಿ," ಎನ್ನುತ್ತಿದ್ದಳು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ತಪ್ಪಿಲ್ಲದೆ ಬರುತ್ತಿದ್ದ ಪಾಠ ಅದೊಂದೇ.

"ಹಂಗಾದ್ರೆ ಇದೆಲ್ಲ ನಿನ್ನ ಕೈಯಿಂದ ಬಂದಿದ್ದೇ ಇರ್ಬೇಕು. ಇನ್ನೊಂದ್ಸಲ ತಾ. ಈ ಸಲ ಕೈ ತಾಗಿಸ್ಬೇಡ," ಎಂದು ಹೊಸ ಬಾಟಲಿ, ಗ್ಲೌಸು ಕೊಟ್ಟಳು.

ಮರುದಿನ ಅವನು ಗ್ಲೌಸು ಹಾಕಿ, ಬಾಟಲಿಯ ಬುಡ ಹಿಡಿದು, ಕಳ್ಳನ ಹಾಗೆ ನೀರು ತೆಗೆದ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡ. ಬಸ್ಸು ಹತ್ತುವವರೆಗೂ ತಿರುಗಿ ನೋಡಲಿಲ್ಲ.

ಎರಡು ದಿನ ಬಿಟ್ಟು ಸಾಗರಕ್ಕೆ ಹೋದರೆ, ಸುಚಿತ್ರಾ ಬಾಗಿಲಲ್ಲೇ ಕೂಗಿದಳು: "ಪಾಸು ಮಾರಾಯ! ನಿನ್ನ ಒರತೆ ಉಳೀತು. ನೋಡು, ಒಂದೇ ಒಂದಿಲ್ಲ!"

ಲಿಖಿತ್ ಮುಚ್ಚಿದ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಮೂರು ದಿನದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅಜ್ಜಿ ಹಿಡಿದು ನೀರಿಗಿಳಿಸುತ್ತಿದ್ದ ಆ ಕೈಯ ಗುರುತನ್ನೇ ಅದರಲ್ಲಿ ಹುಡುಕುತ್ತಿದ್ದ.

"ಸರಿ ಎಣ್ಸಿ ಮೇಡಂ," ಎಂದ. "ಎಲ್ಲಾದ್ರೂ ಒಂದಾದ್ರೂ ಇರ್ಬೋದು."